ತಿರುಗುಮುರುಗಾದ ಹದಿನಾರು ಪುಟ

ಜೂನ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಬಾಯಿಬಡುಕಿಗೆ,

ಅಜ್ಜಿಯ ಆಶೀರ್ವಾದ. ನೀನು ಕಳಿಸಿದ ಕಥೆ ಪುಸ್ತಕ ತಲುಪಿ ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ, ತಪ್ಪು ನಿನ್ನದೇ. ಬೆರಳು ದಪ್ಪದ ಪುಸ್ತಕ, ಎರಡು ದಿನದಲ್ಲಿ ಮುಗಿಸುತ್ತೇನೆ ಎಂದುಕೊಂಡೆ. ನಾಲ್ಕನೇ ಕ್ಲಾಸಿನ ಓದು ನನ್ನದು. ಕಥೆಯೊಳಗಿನ ಆ ಹೆಂಗಸಿನ ಹಿಂದೆ ಓಡಿ ಓಡಿ ಏದುಸಿರು ಬಂತು. ಲಿಫ್ಟ್ ಹತ್ತಿದರೆ ಹಿಂದಿನ ವರ್ಷಕ್ಕೆ ಇಳಿಯುತ್ತಾಳೆ, ಅಲ್ಲಿ ಎಳೆಯ ವಯಸ್ಸಿನ ತಾನೇ ಎದುರಿಗೆ ನಿಂತಿರುತ್ತಾಳೆ, ಮುದುಕಿಯಾದ ಇನ್ನೊಬ್ಬ ತಾನೂ ಬರುತ್ತಾಳೆ. ನನಗೆ ನಾನೊಬ್ಬಳೇ ಸಾಕಾಗಿದೆ, ಇವಳಿಗೆ ಮೂವರು! ಕೊನೆಗೆ ಎಳೆಯವಳ ಪುಟಕ್ಕೆ ಕೆಂಪು ದಾರ, ಮುದುಕಿಯ ಪುಟಕ್ಕೆ ನೀಲಿ ದಾರ ಇಟ್ಟುಕೊಂಡು ಓದಿದೆ.

ನಡುವೆ ಅವಳು ಅತ್ತದ್ದು ಮೊದಲು ಬಂತು, ಆ ಅಳು ತರಿಸಿದ ಅವಳದೇ ಮಾತು ಆಮೇಲೆ. ಎಂಥ ಜಾಣತನ ಎಂದು ಪಕ್ಕದ ಮನೆಯ ನರ್ಸಮ್ಮನಿಗೆ ಓದಿ ಹೇಳಿದೆ. ಅವಳು ಇಣುಕಿ, "ಅಯ್ಯೋ ಅಜ್ಜಿ, ನಲವತ್ತೆಂಟಾದ್ಮೇಲೆ ಅರವತ್ತೈದು ಇದೆ ನೋಡಿ! ಹಿಂದೆಮುಂದೆ ಆಗಿರೋದು ಕಾಲ ಅಲ್ಲ, ಪುಟ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಿನ್ನ ಚೀಟಿ ಸಿಕ್ಕಿದ್ದು ಕೊನೆಯ ಪುಟದಲ್ಲಿ. ಮೊದಲ ಪುಟದಲ್ಲಿಡಲು ಏನು ಧಾಡಿ? "ಅಜ್ಜಿ, ನಲವತ್ತು ಪ್ರತಿ ಹೀಗೇ ಹೊಲಿದುಬಿಟ್ಟೆ. ಎಲ್ಲರೆದುರಿಗೂ ಬೈದ್ರು. ಈ ಬೈಂಡಿಂಗ್ ಕೆಲಸಾನೇ ಬಿಟ್ಬಿಡ್ತೀನಿ."

ಬಿಡುವವಳಂತೆ, ಬಿಡುವವಳು! ನಲವತ್ತು ವರ್ಷ ಅಂಗಿ ಹೊಲಿದ ಕೈ ನನ್ನದು. ನಿನ್ನೆ ರಟ್ಟು ಬಿಡಿಸಿ, ದಾರ ಬಿಚ್ಚಿ, ಜಾಗ ತಪ್ಪಿದ್ದ ಹದಿನಾರು ಪುಟದ ಕಟ್ಟನ್ನು ಅದರ ಜಾಗಕ್ಕೆ ಕೂರಿಸಿ ಮತ್ತೆ ಹೊಲಿದೆ. ಹಳೆಯ ತೂತಿನಲ್ಲೇ ಸೂಜಿ ಹಾಕಿದ್ದೇನೆ, ಕಾಗದಕ್ಕೆ ನೋವಾಗಿಲ್ಲ. ಇದರ ಜೊತೆ ಕಳಿಸಿದ್ದೇನೆ, ನೋಡು. ಉಳಿದ ಮೂವತ್ತೊಂಬತ್ತು ನಿನ್ನ ಪಾಲು.

ಜೋಡಿಸಿದ ಮೇಲೆ ಕಥೆ ತಿಳಿಯಿತು. ಮೂರು ಸಲ ಹಿಂದಕ್ಕೆ ಹೋದರೂ ತಾನಾಡಿದ ಆ ಮಾತನ್ನು ಅವಳಿಂದ ಮತ್ತೆ ನುಂಗಲಾಗಲಿಲ್ಲ, ಪಾಪ.

ಪುಸ್ತಕಕ್ಕೆ ಒಂದು ಪಾಲಾದರೆ ಆ ಚೀಟಿಗೆ ಹತ್ತು ಪಾಲು ಋಣಿ ನಾನು, ಮಗಳೇ. ನೂರು ಕಾಲ ಬಾಳು. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ
ಅಜ್ಜಿ

ಮರೆತೆನೆಂದಲ್ಲ, ಬರೆಯಲು ಧೈರ್ಯ ಬೇಕಿತ್ತು: ನಿನ್ನ ವಯಸ್ಸಿನಲ್ಲಿ ನಿನ್ನಮ್ಮ ಒಂದು ಅಂಗಿಗೆ ತೋಳು ಉಲ್ಟಾ ಹೊಲಿದಿದ್ದಳು. ಗಿರಾಕಿಗಳ ಎದುರೇ ಆ ತೋಳನ್ನು ಚರ್ರನೆ ಹರಿದು ಎಸೆದೆ. ಅಂದಿನಿಂದ ಅವಳು ಸೂಜಿ ಮುಟ್ಟಲಿಲ್ಲ, ತನ್ನ ಒಂದು ತಪ್ಪನ್ನೂ ನನಗೆ ಹೇಳಲಿಲ್ಲ. ಈಗಲೂ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆಯಮ್ಮಾ" ಅಷ್ಟೇ. ಆ ತೋಳು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನೀನು ತಪ್ಪು ಮಾಡಿ ಮೊದಲು ನನಗೇ ಬರೆದೆಯಲ್ಲ, ಅದಕ್ಕೇ ಹೇಳಿದೆ ಋಣಿ ಎಂದು.