ಪಕ್ಕೆಯಲ್ಲಿ ಮುಚ್ಚಳವಿರುವ ಹಸು

ಮಾರ್ಚ್ ೧೧, ಬುಧವಾರ

ನನ್ನ ಮುದ್ದಿನ ಅಮ್ಮ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಕೆಲಸವೂ ಹೋಗಿಲ್ಲ. ವಿಷಯ ಒಂದು ಹಸುವಿನದು.

"ನನ್ನ ಮಗಳು ಲ್ಯಾಬಿನಲ್ಲಿ ಹುಲ್ಲು ಬೇಯಿಸ್ತಾಳೆ" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತೀಯಲ್ಲ, ಅದು ಅರ್ಧ ನಿಜ. ಯಾವ ಮೇವು ದನಕ್ಕೆ ಎಷ್ಟು ಅರಗುತ್ತದೆ ಎಂದು ನೋಡುವುದು ನಮ್ಮ ಕೆಲಸ. ಮೇವನ್ನು ಒಣಗಿಸಿ, ಪುಡಿ ಮಾಡಿ, ತೂಗಿ ಗಾಜಿನ ಕುಪ್ಪಿಗೆ ಹಾಕುತ್ತೇವೆ. ಹಸುವಿನ ಹೊಟ್ಟೆಯಿಂದಲೇ ತೆಗೆದ ರಸ ಸುರಿದು, ಅದರ ಮೈಯಷ್ಟೇ ಬಿಸಿಯಾದ ನೀರಿನಲ್ಲಿ ಎರಡು ದಿನ ಇಡುತ್ತೇವೆ. ಕೊನೆಗೆ ಅರಗದೆ ಉಳಿದ ನಾರನ್ನು ತೂಗಿದರೆ ಲೆಕ್ಕ ಸಿಕ್ಕಿತು.

ಆ ರಸ ಕೊಡುತ್ತಿದ್ದವಳೇ ನಮ್ಮ ಯಜಮಾನಿ. ಹೆಸರಿಟ್ಟವಳು ನಾನು; ಅವಳ ಗತ್ತು ನೋಡಿದರೆ ನೀನೂ ಹಾಗೇ ಕರೆಯುತ್ತೀಯ. ಅವಳ ಎಡ ಪಕ್ಕೆಯಲ್ಲಿ, ಗಾಬರಿಯಾಗಬೇಡ, ಅಂಗೈ ಅಗಲದ ತೂತಿದೆ, ಅದಕ್ಕೊಂದು ರಬ್ಬರ್ ಮುಚ್ಚಳ. ಹೊಟ್ಟೆಯ ರಸ ತೆಗೆಯಲೆಂದೇ ಡಾಕ್ಟರು ಅರಿವಳಿಕೆ ಕೊಟ್ಟು ಮಾಡಿದ್ದು. ನಾನು ಮೊಣಕೈವರೆಗೆ ಕೈ ಹಾಕಿದರೂ ತನಗೆ ಸಂಬಂಧವೇ ಇಲ್ಲದಂತೆ ಮೆಲುಕು ಹಾಕುತ್ತಾ ನಿಂತಿರುತ್ತಾಳೆ. ಚಳಿಯ ಬೆಳಿಗ್ಗೆ ಅದಕ್ಕಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ ಅಮ್ಮ.

ಈಗ ಬಾಟಲಿಯಲ್ಲಿ ಬರುವ ಕಿಣ್ವದಿಂದಲೇ ಆ ಕೆಲಸ ಆಗುತ್ತದೆ. ವಾರಗಟ್ಟಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆವು. ನಾವು ನೋಡುವ ಮೇವಿಗೆಲ್ಲ ಹೆಚ್ಚುಕಮ್ಮಿ ಒಂದೇ ಉತ್ತರ. ಹೋಲಿಸಿದವಳು ನಾನೇ, ಖುಷಿಪಟ್ಟವಳೂ ನಾನೇ. ಭೇಷ್ ಅಂದ ಮುಖ್ಯಸ್ಥರು ಅದೇ ಉಸಿರಿನಲ್ಲಿ, "ಹಾಗಾದ್ರೆ ಹಸು ಯಾಕೆ? ತೂತಿರೋದನ್ನ ಯಾರೂ ಕೊಳ್ಳಲ್ಲ. ಶುಕ್ರವಾರ ಡಾಕ್ಟರನ್ನ ಕರೆಸಿ, ಒಂದು ಇಂಜೆಕ್ಷನ್‌ನಲ್ಲಿ ಮುಗಿಸಿಬಿಡಿ" ಅಂದರು.

ಸಭೆಯಲ್ಲಿ ಎಂದೂ ಬಾಯಿ ಬಿಡದವಳು ನಾನು, ಎದ್ದು ನಿಂತಿದ್ದೆ. "ಸಾಕೋರು ಇದ್ದಾರೆ ಸರ್" ಅಂದೆ. ಯಾರು ಅಂತ ಕೇಳಿದರು. "ನಮ್ಮಮ್ಮ. ಒಪ್ಪಿಕೊಂಡಿದ್ದಾರೆ" ಅಂದುಬಿಟ್ಟೆ.

ನಿನ್ನ ಕೊಟ್ಟಿಗೆಯಲ್ಲಿ ಆಗಲೇ ಆರು ಬಾಯಿ, ದೊಡ್ಡಮ್ಮನಿಗೆ ಸೊಂಟನೋವು, ಎಲ್ಲ ಗೊತ್ತು. ಯಜಮಾನಿಯಿಂದ ಒಂದು ಹನಿ ಹಾಲೂ ಸಿಗುವುದಿಲ್ಲ. ಮುಚ್ಚಳದ ಸುತ್ತ ದಿನವೂ ಬೆಚ್ಚನೆಯ ನೀರಿನಲ್ಲಿ ಒರೆಸಬೇಕು ಬೇರೆ. ಆದರೆ ಹಾಲು ಬತ್ತಿದ ಹಸುವಿನ ಹತ್ತಿರವೂ ಸುಖದುಃಖ ಮಾತಾಡುತ್ತಾ ನಿಲ್ಲುವವಳು ನೀನು. ದಿಕ್ಕು ತೋಚದಿದ್ದಾಗ ನನ್ನ ಬಾಯಿಗೆ ನೀನೇ ಬಂದೆ, ಏನು ಮಾಡಲಿ?

ನಿನ್ನದೇ ಹಟ ಹೊತ್ತು ಬಂದ
ಮಗಳು

ತಾ.ಕ.: ಈ ಪತ್ರ ಕೊಟ್ಟವರು ಅಂಚೆಯವರಲ್ಲ, ಲಾರಿ ಡ್ರೈವರು. ಯಜಮಾನಿ ಲಾರಿಯ ಹಿಂಭಾಗದಲ್ಲಿ ನಿಂತಿದ್ದಾಳೆ, ಅವಳ ಪಕ್ಕದಲ್ಲಿ ನಾನೂ. ನೀನು ಕರೆಯುವ ತನಕ ಕೆಳಗಿಳಿಯುವ ಧೈರ್ಯ ಇಬ್ಬರಿಗೂ ಇಲ್ಲ.