ನಾಲ್ಕನೇ ಲೂಪಿನ ದಾರ

ಚನ್ನರಾಯಪಟ್ಟಣ
೧೭-೧೧-೨೦೦೩, ಸೋಮವಾರ

ಪ್ರೀತಿಯ ಮಗಳು ಸರಸೂಗೆ, ನಿನ್ನ ಅಪ್ಪ ಹೊಲಿಗೆ ಮಿಷನ್ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿರುವ ಕಾಗದ.

ನಿನ್ನೆ ಮಧ್ಯಾಹ್ನ ಉಂಡ ಮೇಲೆ ಅಂಗಡಿಯಲ್ಲಿ ಹಾಗೇ ಮಿಷನ್ ಮೇಲೆ ತಲೆ ಇಟ್ಟಿದ್ದೆ, ಕಣ್ಣು ಹತ್ತಿತು. ಕೆಟ್ಟ ಕನಸು ಬಿತ್ತು ಅವ್ವಾ. ಭಾನುವಾರ ನಿನ್ನ ಪಂದ್ಯ ನಡೆಯುವ ಮೈಸೂರಿನ ಮೈದಾನ ನಾನು ನೋಡಿಲ್ಲವಲ್ಲ, ಅದಕ್ಕೇ ಕನಸಿಗೆ ನಮ್ಮ ಹಾಸನದ ಮೈದಾನವೇ ಬಂತು. ನೀನು ಒಂದು ಹಲಗೆಯ ಮರೆಯಿಂದ ಇನ್ನೊಂದು ಹಲಗೆಯ ಮರೆಗೆ ಓಡುತ್ತಿದ್ದೀಯ. ಸೊಂಟದಲ್ಲಿ ನಾನು ಹೊಲಿದ ಪಿಸ್ತೂಲಿನ ಪೌಚು ಒಂದು ಕಡೆಗೆ ಜೋತುಬಿತ್ತು. ನೀನು ಕೈ ಹಾಕುವಷ್ಟರಲ್ಲಿ ಪಿಸ್ತೂಲು ಕೆಮ್ಮಣ್ಣಿಗೆ ಬಿದ್ದೇ ಬಿತ್ತು. ಹವಾಲ್ದಾರ್ ಶಿವಯ್ಯನವರು ಸೀಟಿ ಊದಿ ಕೆಂಪು ಬಾವುಟ ಎತ್ತಿದರು. ಪಿಸ್ತೂಲು ನೆಲ ಮುಟ್ಟಿದರೆ ಎಷ್ಟು ಅಂಕ ಇದ್ದರೂ ಪಂದ್ಯದಿಂದ ಹೊರಗೆ ಅಂತ ನೀನೇ ಹೇಳಿದ್ದೆಯಲ್ಲ. ಗಾಬರಿಯಿಂದ ಎದ್ದೆ. ಕೆನ್ನೆಯ ಮೇಲೆ ಗುಂಡಿಯ ಅಚ್ಚು ಮೂಡಿತ್ತು. ಮನೆಗೆ ಹೋಗಿ ಹೇಳಿದರೆ ನಿಮ್ಮವ್ವ ನಕ್ಕಳು. "ಅಗಲೊತ್ನಾಗೆ ಬಿದ್ದ ಕನ್ಸು ಯಾವತ್ತಾರ ನಿಜ ಆಗದುಂಟಾ? ಒಂದು ಮುದ್ದೆ ಕಮ್ಮಿ ಉಣ್ಣಿ, ಕನ್ಸೂ ಕಮ್ಮಿ ಆಯ್ತದೆ" ಅಂದಳು. ನಿಮ್ಮವ್ವ ಜಯಲಕ್ಷ್ಮಮ್ಮನವರ ಧೈರ್ಯ ನಿನಗೆ ಬಂದಿದೆ, ಪುಣ್ಯ. ನನ್ನದು ಬಂದಿದ್ದರೆ ನೀನು ಗುಂಡಿನ ಸದ್ದಿಗೇ ಮನೆಗೆ ಓಡಿಬರುತ್ತಿದ್ದೆ.

ಮೊದಲು ನಿನ್ನ ಆರೋಗ್ಯ ಹೇಗಿದೆ ಅಂತ ಕೇಳಬೇಕಿತ್ತು, ಕನಸು ಮುಂದೆ ನುಗ್ಗಿಬಿಟ್ಟಿತು. ಬಲಗೈ ಮಣಿಕಟ್ಟಿನ ನೋವು ಕಡಿಮೆ ಆಯಿತೇ? ನಿಮ್ಮವ್ವ ಕಟ್ಟಿಕೊಟ್ಟ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೊ, ತಣ್ಣಗಿರುವಾಗ ಹಚ್ಚಬೇಡ. ಕಿವಿಯಲ್ಲಿ ಗುಂಯ್ ಅನ್ನುವುದು ನಿಂತಿದೆಯೇ? ಎಲ್ಲರೂ ಹೊಡೆದು ಮುಗಿಸುವ ತನಕ ಕಿವಿಯ ಮುಚ್ಚಳ ತೆಗೆಯಬೇಡ. ಶಿಬಿರದಲ್ಲಿ ಅನ್ನ ಬೆಂದಿರುತ್ತದೆಯೇ? ಇತ್ತ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಎದೆ ಡವಡವ ಅನ್ನುವುದಕ್ಕೆ ಡಾಕ್ಟರು ಏನೂ ಇಲ್ಲ ಅಂದರು. ಏನೂ ಇಲ್ಲದೆ ಯಾಕೆ ಅನ್ನುತ್ತದೆ ಅಂತ ಕೇಳಿದೆ, ಅದಕ್ಕೆ ಅವರು ಮುಂದಿನವರನ್ನು ಒಳಗೆ ಕರೆದರು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಾನೆ ಅಂತ ಬೇಸರ ಮಾಡಿಕೊಳ್ಳಬೇಡ. ನಿನ್ನ ಕಡೆಯಿಂದ ನಿನಗೆ ಗೊತ್ತು, ಹಗ್ಗದ ಈಚೆ ನಿಂತ ನನ್ನ ಕಡೆಯಿಂದ ಹೇಗಿತ್ತು ಅಂತ ನಾನು ಯಾವತ್ತೂ ಹೇಳಲಿಲ್ಲ. ಎದುರಿಗೆ ಹೇಳಲು ನಾಲಗೆ ಬರುವುದಿಲ್ಲ. ಐದನೇ ಕ್ಲಾಸಿಗೇ ದಂಡಿಗನಹಳ್ಳಿಯ ಸ್ಕೂಲು ಬಿಡಿಸಿ ನನ್ನನ್ನು ಇಲ್ಲಿ ಕಾಜ ಹಾಕಲು ಕೂರಿಸಿದರು. ಅಲ್ಲಿಂದ ನಾನು ಬರೆದದ್ದೆಲ್ಲ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಎರಡು ವರ್ಷದ ಹಿಂದೆ ನೀನು ನಿಮ್ಮ ಪೊಲೀಸ್ ಸ್ಟೇಷನ್ನಿನಿಂದ ಪಿಸ್ತೂಲಿನ ಪಂದ್ಯಕ್ಕೆ ಹೆಸರು ಕೊಟ್ಟೆ ಅಂದಾಗ ನಾನು ಅಂದುಕೊಂಡದ್ದೇ ಬೇರೆ. ಒಂದು ಕಡೆ ನಿಂತು ದೂರದ ದುಂಡು ಹಲಗೆಗೆ ಹೊಡೆಯುವುದು, ಅಷ್ಟೇ ಅಂತ. ಹೊಳೆನರಸೀಪುರದ ಹೊರಗೆ ಗುಡ್ಡದ ಬುಡದಲ್ಲಿ ನಡೆದ ಆ ಮೊದಲನೇ ಪಂದ್ಯಕ್ಕೆ ಬಂದು ನೋಡಿದರೆ, ಅಲ್ಲಿ ನಿಂತವರೇ ಯಾರೂ ಇಲ್ಲ! ಓಡಬೇಕು, ಮಂಡಿ ಊರಬೇಕು, ಮರದ ಕಿಟಕಿಯ ಸಂದಿಯಿಂದ ಹೊಡೆಯಬೇಕು, ಮತ್ತೆ ಓಡಬೇಕು. ಮನುಷ್ಯರ ಆಕಾರದ ರಟ್ಟುಗಳು. ಅದರಲ್ಲಿ ಕಂದು ರಟ್ಟು ಕಳ್ಳ, ಬಿಳಿ ರಟ್ಟು ಪಾಪದವನು. ಬಿಳಿಯವನಿಗೆ ತಗುಲಿದರೆ ಅಂಕ ಹೋಯಿತು. ಇಷ್ಟಕ್ಕೂ ಗಡಿಯಾರ ಬೇರೆ ಹಿಡಿದಿರುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ನಮ್ಮ ಚನ್ನರಾಯಪಟ್ಟಣ, ನಾಲ್ಕೂ ಕಡೆಯ ಪೊಲೀಸರು ಎರಡು ತಿಂಗಳಿಗೊಮ್ಮೆ ಸೇರಿ ಹೀಗೆ ಆಡಲಿ ಅಂತ ಹವಾಲ್ದಾರ್ ಶಿವಯ್ಯನವರು ಸಾಹೇಬರ ಕಾಲು ಹಿಡಿದು ಒಪ್ಪಿಸಿದರಂತೆ. ಅವತ್ತು ನೀನು ಎರಡು ಸಲ ಬಿಳಿಯವನಿಗೇ ಹೊಡೆದೆ, ಎಲ್ಲರಿಗಿಂತ ಕೊನೆಗೆ ಬಂದೆ. ಅರಕಲಗೂಡಿನ ರವೀಂದ್ರ ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದ: "ಅಕ್ಕೋ, ಆಲು ಆಕಕ್ಕೆ ಬಂದೋನ್ನ ಒಡೆದ್ಬುಟ್ಯಲ್ಲಾ, ನಾಳೀಕೆ ಕಾಫಿಗೇನ್ ಮಾಡ್ತೀಯಾ?" ಎಲ್ಲರೂ ನಕ್ಕರು. ನೀನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಚನ್ನರಾಯಪಟ್ಟಣದ ತನಕ ಕಿಟಕಿಯ ಕಡೆಗೇ ಮುಖ ಮಾಡಿದ್ದೆ. ನಾನು ಮನಸ್ಸಿನಲ್ಲೇ, ದೇವರೇ ಇಷ್ಟಕ್ಕೇ ಬಿಟ್ಟುಬಿಡಲಿ ಅಂದುಕೊಂಡೆ. ಈಗ ಹೇಳುತ್ತಿದ್ದೇನೆ, ಕ್ಷಮಿಸು.

ನೀನು ಬಿಡಲಿಲ್ಲ. ಇಲಾಖೆಯ ಪಿಸ್ತೂಲು ಮನೆಗೆ ತರುವ ಹಾಗಿಲ್ಲ. ಅದಕ್ಕೆ ನಾನು ಕಾಕಿ ಬಟ್ಟೆಯಲ್ಲಿ ಪಿಸ್ತೂಲಿನ ಆಕಾರ ಹೊಲಿದು, ಒಳಗೆ ಮರಳು ತುಂಬಿ, ಹಳೇ ಇಸ್ತ್ರಿಪೆಟ್ಟಿಗೆಯ ಕಬ್ಬಿಣದ ತುಂಡು ಇಟ್ಟು ತೂಕ ಸರಿಮಾಡಿ ಕೊಟ್ಟೆ. ದಿನಾ ಬೆಳಿಗ್ಗೆ ಅಂಗಡಿಯ ಹಿಂದೆ ಇನ್ನೂರು ಸಲ ಸೊಂಟದಿಂದ ತೆಗೆಯುವುದು, ಎದುರಿನ ಗೋಡೆ ನೋಡುವುದು, ಮತ್ತೆ ಇಡುವುದು. ಲೆಕ್ಕ ತಪ್ಪದಿರಲಿ ಅಂತ ನಾನು ಒಂದೊಂದು ಸಲಕ್ಕೆ ಒಂದೊಂದು ಗುಂಡಿಯನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಹಾಕುತ್ತಿದ್ದೆ. ಪಕ್ಕದ ಟೀ ಅಂಗಡಿಯ ಸಣ್ಣಯ್ಯ ತಲೆ ಹಾಕಿ, "ಏನ್ಲಾ ಪುಟ್ಸಾಮಿ, ಮಗಳಿಗೆ ಗಂಡು ನೋಡ್ಲಾ ಅಂದ್ರೆ ಗುಂಡಿ ಎಣಿಸ್ತಾ ಕುಂತಿದ್ದೀಯ" ಅನ್ನುತ್ತಿದ್ದ. ಈಗ ಅವನೇ ಟೀ ಕುಡಿಯಲು ಬಂದವರಿಗೆಲ್ಲ, "ಆ ಪಿಸ್ತೂಲಿನ ಉಡುಗಿ ಅಭ್ಯಾಸ ಮಾಡಿದ್ದು ನಮ್ಮ ಗೋಡೆ ನೋಡ್ಕಂಡೇ ಕಣ್ರೀ" ಅಂತ ಹೇಳಿಕೊಳ್ಳುತ್ತಾನೆ.

ಹಾಗೆ ಗುಂಡಿ ಎಣಿಸುವಾಗಲೇ ನನಗೆ ಆ ವಿಷಯ ಕಣ್ಣಿಗೆ ಬಿದ್ದದ್ದು. ಶಿವಯ್ಯನವರು ನಿನ್ನ ಕೈ ನಿಧಾನ ಅನ್ನುತ್ತಿದ್ದರು. ನಿನ್ನ ಕೈ ನಿಧಾನ ಇರಲಿಲ್ಲ. ಇಲಾಖೆ ಕೊಟ್ಟ ಪೌಚು ಗಂಡಸರ ಸೊಂಟಕ್ಕೆ ಹೊಲಿದದ್ದು. ನಿನ್ನ ಸೊಂಟದ ತಿರುವಿನಲ್ಲಿ ಅದು ಮೈಗೆ ಅಂಟದೆ ಹೊರಗೆ ವಾಲುತ್ತಿತ್ತು. ನೀನು ಎಳೆದಾಗ ಅದೂ ಜೊತೆಗೆ ಎದ್ದು ಬರುತ್ತಿತ್ತು. ಮೂವತ್ತು ವರ್ಷ ಪೊಲೀಸರ ಬಟ್ಟೆ ಹೊಲಿದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ? ನಿನ್ನನ್ನು ನಿಲ್ಲಿಸಿ ಸೊಂಟ, ಮೊಣಕೈ, ಮಣಿಕಟ್ಟು ಎಲ್ಲ ಅಳತೆ ತೆಗೆದು, ದಪ್ಪ ಕ್ಯಾನ್ವಾಸು ಮೂರು ಪದರ ಮಾಡಿ ಹೊಸ ಪೌಚು ಹೊಲಿದೆ. ಬೆಲ್ಟು ತೂರಿಸಲು ಹಿಂದೆ ನಾಲ್ಕು ಲೂಪು. ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ, ನಿನಗೆ ಕಟ್ಟಿ ನೋಡಿ, ಆಮೇಲೆ ಕಾಕಿ ದಾರದಲ್ಲಿ ಗಟ್ಟಿ ಹೊಲಿಗೆ. ಬಿಚ್ಚಿದ ಬಿಳಿ ದಾರಗಳನ್ನು ಯಾವಾಗಿನಂತೆ ಬಾಬಿನ್ ಡಬ್ಬಿಯಲ್ಲಿಟ್ಟೆ. ನನಗೆ ಕೆಲಸ ಕಲಿಸಿದ ಯಜಮಾನರು ಹೇಳುತ್ತಿದ್ದರು, ಕಚ್ಚಾ ದಾರ ಆಗಲೇ ಎಸೆಯಬೇಡ, ಎಷ್ಟು ಹಾಕಿದೆಯೋ ಅಷ್ಟು ಈಚೆ ಬಂದಿದೆ ಅಂತ ಎಣಿಸಿಕೊಂಡ ಮೇಲೇ ಬಟ್ಟೆ ಕೊಡು, ಆಮೇಲೆ ಎಸೆ ಅಂತ. ಆ ಪೌಚನ್ನು ಶಿವಯ್ಯನವರ ಕೈಗೆ ಕೊಟ್ಟಾಗ ಅವರು ಕಾಲಿನಲ್ಲಿ ಮೆಟ್ಟಿ ಎರಡು ಕೈಯಲ್ಲಿ ಜಗ್ಗಿದರು. "ಎಮ್ಮೆ ಕಟ್ಟಾಕ್ಬೋದು ಕಣಯ್ಯ ಇದ್ರಾಗೆ!" ಅಂದರು. ಆ ಮಾತನ್ನು ಮನೆಗೆ ಬಂದು ನಿಮ್ಮವ್ವನಿಗೆ ಮೂರು ಸಲ ಹೇಳಿದೆ.

ಅರಕಲಗೂಡಿನಲ್ಲಿ ನೀನು ಎರಡನೆಯವಳಾದೆ. ಸೆಪ್ಟೆಂಬರಿನಲ್ಲಿ ಹಾಸನಕ್ಕೆ ನಾನು ಅಂಗಡಿಗೆ ಬೀಗ ಹಾಕಿ ಬಂದಿದ್ದೆ. ನಿನ್ನ ಸರದಿ ಬಂದಾಗ ನಾನು ನಿನ್ನ ಕಡೆ ನೋಡಲೇ ಇಲ್ಲ, ನಿಜ ಹೇಳುತ್ತೇನೆ. ಮುಂದೆ ನಿಂತಿದ್ದ ಒಬ್ಬರ ಪ್ಯಾಂಟಿನ ಕೆಳಮಡಿಕೆ ನೋಡುತ್ತಾ ನಿಂತೆ, ಹೊಲಿಗೆ ಬಿಚ್ಚಿಕೊಂಡಿತ್ತು. ಆದರೆ ಕಿವಿ ಎಲ್ಲವನ್ನೂ ಕೇಳಿಸಿಕೊಂಡಿತು. ಡಬ್ ಡಬ್, ಓಟ. ಡಬ್ ಡಬ್, ಓಟ. ಆಮೇಲೆ ಒಂದು ಕಡೆ ಸುಮ್ಮನಾಯಿತು. ಯಾಕೆ ಸುಮ್ಮನಾಯಿತು ಅಂತ ತಲೆ ಎತ್ತಿದರೆ, ಬಿಳಿಯವನ ಹಿಂದೆ ಅರ್ಧ ಮರೆಯಾದ ಕಂದು ರಟ್ಟಿನ ಮುಂದೆ ನೀನು ನಿಂತಿದ್ದೀಯ. ಗಡಿಯಾರ ಓಡುತ್ತಿದೆ, ನಿನಗೆ ಅವಸರವೇ ಇಲ್ಲ. ಸೂಜಿಗೆ ದಾರ ಪೋಣಿಸುವವರ ಹಾಗೆ ಒಂದು ಉಸಿರು ಹಿಡಿದೆ. ಡಬ್. ಅಷ್ಟೇ. ಬಿಳಿಯವನ ಮೈಮೇಲೆ ಒಂದು ತೂತೂ ಇರಲಿಲ್ಲ. ಫಲಿತಾಂಶದ ಹಾಳೆ ಅಂಟಿಸಿದಾಗ ಓದಿದವರೆಲ್ಲ ನೋಡಿ ಹೋದರು. ನಾನು ಬೆರಳಿಟ್ಟು ಕೆಳಗಿನಿಂದ ಓದುತ್ತಾ ಬಂದೆ, ನಿನ್ನ ಹೆಸರು ಸಿಗಲೇ ಇಲ್ಲ, ಎದೆ ಒಡೆಯಿತು. ಕೊನೆಗೆ ಮೇಲಿನ ತುದಿಯಲ್ಲಿ ಸಿಕ್ಕಿತು. ಕೆಳಗಿನಿಂದ ಹುಡುಕಿದ್ದು ನನ್ನ ತಪ್ಪು. ಅವತ್ತು ರವೀಂದ್ರ ಬಂದು, "ಅಣ್ಣಾ, ಅಕ್ಕನಿಗೆ ಒಲ್ದಂಗೆ ನಂಗೂ ಒಂದು ಪೌಚು ಒಲ್ಕೊಡಿ, ಸೋತಿದ್ದು ಪೌಚಿಂದ್ಲೇ ಅಂತ ಊರ್ನಾಗೆ ಏಳ್ಕಂತೀನಿ" ಅಂದ. ಇಷ್ಟು ವರ್ಷ ಜನ ನನ್ನನ್ನು ಕಾಕಿ ಪುಟ್ಟಸ್ವಾಮಿ ಅಂತ ಕರೆದರು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತಿಲ್ಲದ ಕಾನ್‌ಸ್ಟೇಬಲ್ ಎದ್ದು, ಸರಸ ಅವರ ತಂದೆಯಲ್ಲವೇ ಕೂತುಕೊಳ್ಳಿ ಅಂತ ಜಾಗ ಬಿಟ್ಟುಕೊಟ್ಟ. ನಾನು ಕೂರಲಿಲ್ಲ. ಕೂತರೆ ಅಳು ಬರುತ್ತಿತ್ತು.

ಈಗ ಜಿಲ್ಲೆಯಿಂದ ರಾಜ್ಯದ ಪಂದ್ಯಕ್ಕೆ ಹೋದ ಐವರಲ್ಲಿ ನೀನೊಬ್ಬಳೇ ಹೆಣ್ಣುಮಗಳು. ಭಾನುವಾರ ಗೆದ್ದರೂ ಸರಿ, ಸೋತರೂ ಸರಿ ಅಂತ ಬರೆಯಬೇಕು, ಎಲ್ಲ ಅಪ್ಪಂದಿರೂ ಹಾಗೇ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ನೀನು ಗೆಲ್ಲಬೇಕು ಅಂತಲೇ ನನ್ನ ಆಸೆ. ನಿನ್ನ ಕೈ ತಪ್ಪಿ ಸೋತರೆ ಅದನ್ನು ತಡೆದುಕೊಳ್ಳುತ್ತೇನೆ, ಮತ್ತೆ ಗುಂಡಿ ಎಣಿಸೋಣ. ನನ್ನ ಕೈ ತಪ್ಪಿ ನೀನು ಹೊರಗೆ ಬಂದರೆ ನಾನು ಇನ್ನು ಮಿಷನ್ ತುಳಿಯಲಾರೆ. ನಿಮ್ಮ ಜೊತೆ ಬಂದಿರುವ ಶಿವಯ್ಯನವರಿಗೆ ನನ್ನ ನಮಸ್ಕಾರ ತಿಳಿಸು. ರವೀಂದ್ರನಿಗೆ ಅವನ ಪೌಚಿಗೆ ಬಟ್ಟೆ ಕತ್ತರಿಸಿದ್ದೇನೆ ಅಂತ ಹೇಳು. ನಿಮ್ಮವ್ವ ಚಕ್ಕುಲಿ ಡಬ್ಬಿ ವಾಪಸ್ಸು ತರಲು ಹೇಳಿದ್ದಾಳೆ. ನಿನ್ನ ಕಣ್ಣು, ಕೈ, ಉಸಿರು ಮೂರೂ ಒಂದೇ ದಾರದಲ್ಲಿ ಇರಲಿ ಅಂತ ಹರಸುವ

ನಿನ್ನ ಅಪ್ಪ,
ಪುಟ್ಟಸ್ವಾಮಿ

ಮರೆತ ಮಾತು: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಹೊರಟ ದಿನ, ಸವೆದಿವೆ ಅಂತ ನಾಲ್ಕೂ ಲೂಪು ಕಿತ್ತು ಹೊಸದು ಹಾಕಿದೆನಲ್ಲ, ಹೊರಗೆ ಜೀಪಿನವರು ಹಾರನ್ ಹೊಡೆಯುತ್ತಿದ್ದರು. ಅವಸರಕ್ಕೆ ಬಿಚ್ಚಿದ ಕಚ್ಚಾ ದಾರ ಎಣಿಸದೆ ಕೊಟ್ಟೆ. ನಿನ್ನೆ ಕನಸಿನಿಂದ ಎದ್ದವನೇ ಬಾಬಿನ್ ಡಬ್ಬಿ ಸುರಿದು ನೋಡಿದೆ. ಲೂಪಿಗೊಂದರಂತೆ ನಾಲ್ಕು ಇರಬೇಕಿತ್ತು, ಬಿಳಿ ದಾರ ಮೂರೇ ಇವೆ. ನಾಲ್ಕನೆಯದು ಕಸದಲ್ಲಿ ಹೋಯಿತೋ, ಅಥವಾ ಲೂಪಿನಲ್ಲೇ ಉಳಿದು, ಆ ಲೂಪು ಬರೀ ಕಚ್ಚಾ ಹೊಲಿಗೆಯಲ್ಲಿ ನಿಂತಿದೆಯೋ ಗೊತ್ತಿಲ್ಲ. ಶಿಬಿರಕ್ಕೆ ಫೋನ್ ಮಾಡಿದ್ದೆ. ಯಾರೋ ಸಾಹೇಬರು "ಯಾರ್ರೀ ಅದು?" ಅಂದರು. ಹೇಳಿದರೆ ನಿನ್ನ ಪೌಚು ಕಿತ್ತುಕೊಂಡು ಇಲಾಖೆಯ ಆ ವಾಲುವ ಪೌಚನ್ನೇ ಕಟ್ಟಿಸುತ್ತಾರೆ ಅನ್ನಿಸಿ, ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ. ನೀನೇ ನೋಡು. ನೋಡುವ ತನಕ ಅದರಲ್ಲಿ ಪಿಸ್ತೂಲು ಇಡಬೇಡ. ಅವಸರದಲ್ಲಿ ಕಡೆಗೆ ಹೊಲಿದದ್ದು ಬಲಗಡೆಯ ಕೊನೇ ಲೂಪು, ಅದರ ಒಳಮೈ ತಿರುಗಿಸು. ಕಾಕಿ ದಾರ ಕಂಡರೆ ಒಂದು ಕಾರ್ಡಿನಲ್ಲಿ ಕಾಕಿ ಅಂತ ಒಂದೇ ಮಾತು ಬರೆದು ಹಾಕು. ಬಿಳಿ ಕಂಡರೆ, ಈ ಹಾಳೆಯ ಮೂಲೆಯಲ್ಲಿ ಸೂಜಿ ಚುಚ್ಚಿದ್ದೇನೆ, ಮೇಣ ಹಚ್ಚಿದ ದಾರವನ್ನೂ ಪೋಣಿಸಿದ್ದೇನೆ. ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ನಾನು ಕಲಿಸಿದ ಹಾಗೆ ಎರಡು ಸುತ್ತು ಹಾಕಿ, ಶಿವಯ್ಯನವರ ಹಾಗೆ ಮೆಟ್ಟಿ ಜಗ್ಗಿ ನೋಡು. ಶಿವಯ್ಯನವರಿಗೂ ಒಮ್ಮೆ ತೋರಿಸು, ಅವರು ನಮ್ಮವರು. ಕಾಕಿಯೇ ಕಂಡರೂ ಭಾನುವಾರ ಬೆಲ್ಟು ಕಟ್ಟುವ ಮೊದಲು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡು ಅವ್ವಾ.