ಪೈಪಿನಲ್ಲಿ ಅಪ್ಪನ ಬಡಿತ

ಲೆಫ್ಟೆರಿ,

ಅಪ್ಪ ತೀರಿಕೊಂಡ ನಲವತ್ತನೇ ದಿನದ ಪ್ರಾರ್ಥನೆಗೆ ಹಂಚಲು ಗೋಧಿ ಬೇಯಿಸಿಕೊಂಡು ಚರ್ಚಿಗೆ ಹೊರಟಿದ್ದೇನೆ. ನೀನು ಫೋನ್ ಎತ್ತಿದ್ದರೆ ಈ ಚೀಟಿ ಬೇಕಿರಲಿಲ್ಲ.

ಬಚ್ಚಲಿನ ಗೋಡೆಯೊಳಗೆ ಪೈಪ್ ಒಡೆದಿತ್ತು. ತುರ್ತಿಗೆ ಬಂದ ಪ್ಲಂಬರ್ ಡಗ್ಲಸ್, ನಮ್ಮ ಗೇಟಿನ ಹತ್ತಿರದ ನೀರಿನ ವಾಲ್ವ್ ಮುಚ್ಚಿದ್ದಾನೆ. ನಾಲ್ಕು ಗಂಟೆಗೆ ಮತ್ತೆ ಬರುತ್ತಾನೆ, ಅಲ್ಲಿಯವರೆಗೆ ಅದನ್ನು ಮುಟ್ಟಬೇಡ.

ಪೈಪ್ ಎಲ್ಲೆಲ್ಲಿ ಹಾದುಹೋಗಿದೆ ಎಂದು ತಿಳಿಯಲು ಅವನು ಅಡುಗೆಮನೆಯಲ್ಲಿ ಅದನ್ನು ಸ್ಪ್ಯಾನರಿನಿಂದ ತಟ್ಟಿದ. ಬಚ್ಚಲಿನಿಂದ ಉತ್ತರ ಬಂತು. ಎರಡು ನಿಧಾನ, ಒಂದು ಜೋರು. ನೀನು ಸ್ನಾನಕ್ಕೆ ಹೋಗಿ ಎಷ್ಟು ಹೊತ್ತಾದರೂ ಬರದಿದ್ದಾಗ "ಸಾಕು, ಹೊರಗೆ ಬಾರೋ" ಎಂದು ಅಪ್ಪ ಪೈಪ್ ಬಡಿಯುತ್ತಿದ್ದ ಹಾಗೆಯೇ.

"ಕೆಲಸ ಗೊತ್ತಿರೋರು ಇದ್ದಾರಲ್ಲ, ಯಾರಮ್ಮ ಒಳಗೆ?" ಎಂದ ಡಗ್ಲಸ್.

"ನನ್ನ ತಮ್ಮ" ಎಂದು ಸುಳ್ಳು ಹೇಳಿದೆ.

ಅನ್ನ ತುಂಬಿದ ಟೊಮೆಟೊ ಓವನ್ನಿನಲ್ಲಿದೆ, ತಿನ್ನು. ಬಡಿತ ಕೇಳಿದರೆ ತಿರುಗಿ ತಟ್ಟಬೇಡ. ಡಗ್ಲಸ್ ಹೋದ ಮೇಲೆ ನಾನು ತಟ್ಟಿದೆ. ಈಗ ಆ ಬಡಿತ ಬಚ್ಚಲು ಬಿಟ್ಟು ಅಡುಗೆಮನೆಯ ಗೋಡೆಗೆ ಬಂದಿದೆ.